ಆರು ನಿಮಿಷದ ಕತ್ತಲೆ ಕೋಲಾರಕ್ಕೆ ಬರಲ್ಲ

2027ರ ಆಗಸ್ಟ್ 2ಕ್ಕೆ ಜಗತ್ತೆಲ್ಲ ಆರು ನಿಮಿಷ ಕತ್ತಲಾಗುತ್ತೆ ಅಂತ ವಾಟ್ಸಾಪ್‌ನಲ್ಲಿ ಹರಿದಾಡ್ತಿರೋದು ಸುಮ್ನೆ ಪುಕಾರು. ಅವತ್ತು ಪೂರ್ತಿ ಸೂರ್ಯಗ್ರಹಣ ಇರೋದು ನಿಜ, ಆದರೆ ಚಂದ್ರನ ದಟ್ಟ ನೆರಳು ಬೀಳೋದು ಸಣ್ಣ ಪಟ್ಟಿಯೊಂದರ ಮೇಲೆ ಮಾತ್ರ: ಸ್ಪೇನ್ ದಕ್ಷಿಣ, ಮೊರಾಕೊ, ಈಜಿಪ್ಟ್, ಸೌದಿ, ಯೆಮನ್, ಸೊಮಾಲಿಯಾ ಮುಂತಾದ ಕಡೆ. ಈಜಿಪ್ಟ್‌ನ ಲಕ್ಸರ್ ಹತ್ತಿರ 6 ನಿಮಿಷ 23 ಸೆಕೆಂಡ್ ಪೂರ್ತಿ ಮುಚ್ಚುತ್ತೆ. ನಮ್ಮ ಕೋಲಾರದಲ್ಲಿ ಸಂಜೆ ಕಡೆ ಸೂರ್ಯನ ಒಂದು ಭಾಗ ಮರೆಯಾಗುತ್ತೆ ಅಷ್ಟೆ, ಅದೂ ಆಗಸ್ಟ್ ಮೋಡ ದಯೆ ತೋರಿಸಿದರೆ.

ಅಮಾವಾಸ್ಯೆ ಪ್ರತಿ ತಿಂಗಳೂ ಬರುತ್ತೆ, ಗ್ರಹಣ ಯಾಕಿಲ್ಲ ಅಂದ್ರೆ ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ, ಹಾಗಾಗಿ ನೆರಳು ಹೆಚ್ಚಿನ ಸಲ ಭೂಮಿಯ ಮೇಲೋ ಕೆಳಗೋ ದಾಟಿ ಹೋಗುತ್ತೆ. ಎರಡೂ ದಾರಿ ಕೂಡೋ ಜಾಗಗಳೇ ಪಂಚಾಂಗದ ರಾಹು, ಕೇತು. ಹಾವು ಗೀವು ಏನೂ ಇಲ್ಲ!

ಎಕ್ಸ್‌ರೇ ಫಿಲಂ ಹಿಡಿದು ನೋಡಬೇಡಿ, ಕಣ್ಣಿಗೆ ಅಪಾಯ. ಗ್ರಹಣದ ಕನ್ನಡಕ ಇಲ್ವಾ? ಹೊಂಗೆ ಮರದ ಕೆಳಗೆ ನಿಂತು ನೆಲ ನೋಡಿ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಎಲೆ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಪೂರ್ತಿ ಗ್ರಹಣವೇ ಬೇಕು ಅನ್ನೋರು 2034ರ ಮಾರ್ಚ್ 20ಕ್ಕೆ ಕಾರ್ಗಿಲ್ ಕಡೆ ಹೊರಡಿ. ಸ್ವೆಟರ್ ಮರೀಬೇಡಿ.