ಕಾದಂಬರಿಗೆ ಚಕ್ಕುಬಂದಿ ಏನ್ ಹಾಕ್ಲಿ?

ಕಲಬುರಗಿ ಕೋರ್ಟ್ ಹತ್ತಿರ ಬಾಂಡ್ ಬರೆಯುವವರೊಬ್ಬರ ಮುಂದೆ ಕೂತಿದ್ದೆ. ಪ್ಲಾಟು, ಹೊಲ, ಬಾಡಿಗೆ ಮನೆ, ಅವರ ಕೈಯಲ್ಲಿ ಓಡುವ ಕಾಗದಗಳು ಇಷ್ಟೇ. "ಕಾದಂಬರಿ ಸಿನಿಮಾ ಮಾಡುವ ಹಕ್ಕಿನ ಕರಾರು ರೀ" ಅಂದೆ. ಟೈಪ್ ಮಾಡುತ್ತಿದ್ದ ಕೈ ನಿಂತಿತು. ಕನ್ನಡಕ ಮೇಲೇರಿಸಿ ಕೇಳಿದರು: "ಇದಕ್ಕ ಚಕ್ಕುಬಂದಿ ಏನ್ ಹಾಕ್ಲಿರೀ?" ಜಾಗದ ನಾಲ್ಕೂ ದಿಕ್ಕಿಗೆ ಏನೇನಿದೆ ಅಂತ ಕಾಗದದಲ್ಲಿ ಬರೆಯುವ ಗಡಿ, ಅದೇ ಚಕ್ಕುಬಂದಿ.

ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಸುಸಲಾ, ಮಿರ್ಚಿ ತಿನ್ನುತ್ತಾ ಕೂತಾಗ ಅನ್ನಿಸಿತು, ಆ ಮನುಷ್ಯ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ ಅಂತ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಕೇಳುವುದೂ ಚಕ್ಕುಬಂದಿಯನ್ನೇ. ಯಾವ ಕೃತಿ, ಅದರ ಯಾವ ಹಕ್ಕು, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ದುಡ್ಡಿಗೆ. ಎಲ್ಲ ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಬೀಳಬೇಕು. ವರ್ಷ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ದುಬೈನಲ್ಲಿ ಒಂದು ಶೋ ಹಾಕಬೇಕಂದರೂ ಆ ಕಾಗದ ಸಾಲಲ್ಲ.

ನನಗೆ ಈ ಬುದ್ಧಿ ಸುಮ್ನೆ ಬಂದಿದ್ದಲ್ಲ. ಕೆಲವು ವರ್ಷದ ಹಿಂದೆ ಇನ್ನೊಬ್ಬ ಹಿರಿಯ ಲೇಖಕರ ಕಥೆಗೆ ಎಂಟು ತಿಂಗಳು ಕೂತು ಸ್ಕ್ರಿಪ್ಟ್ ಬರೆದಿದ್ದೆ. "ಮಾಡಪಾ, ನಂದೇನ್ ಅಡ್ಡಿ ಇಲ್ಲ" ಅಂದಿದ್ದರು. ಅಷ್ಟೇ ನಮ್ಮ ಅಗ್ರಿಮೆಂಟು. ಅವರು ತೀರಿಕೊಂಡರು. ಲೇಖಕರು ಹೋದ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ, ಅದು ವಾರಸುದಾರರಿಗೆ ಹೋಗುತ್ತದೆ. ಇಲ್ಲಿ ಮೂರು ಗಂಡು, ಒಂದು ಹೆಣ್ಣು. ನಾಲ್ವರ ಸಹಿಯೂ ಬೇಕು, ಮಾತಾಡುತ್ತಿದ್ದವರು ಇಬ್ಬರೇ. ಆ ಸ್ಕ್ರಿಪ್ಟ್ ಈಗಲೂ ನನ್ನ ಲ್ಯಾಪ್‌ಟಾಪಿನಲ್ಲಿದೆ.

ಹಾಗಾಗಿ ಈ ಸಲ ಮಾಸ್ತರ್ ಮನೆಗೆ ಮೊದಲು ಕಾಗದವನ್ನೇ ಒಯ್ದೆ. ನಾನು ಸಿನಿಮಾ ಮಾಡಬೇಕೆಂದಿರುವ ಕಾದಂಬರಿ ಬರೆದವರು, ನಿವೃತ್ತ ಹೈಸ್ಕೂಲ್ ಮಾಸ್ತರ್. ಅವರ ಹೆಸರು ಹೇಳಲ್ಲ, ಅವರಿಗೆ ಇಷ್ಟವಾಗಲ್ಲ. ಕಾಗದ ನೋಡಿ ಮುಖ ಸಣ್ಣಗಾಯಿತು.

"ತಮ್ಮಾ, ನನ್ಮ್ಯಾಗ ಭರೋಸಾ ಇಲ್ಲೇನು ನಿನಗ?"

ನನಗೆ ಬಾಯಿ ಕಟ್ಟಿದ ಹಾಗಾಯಿತು. ಉತ್ತರ ಒಳಗಿನಿಂದ ಬಂತು. ಚಹಾ ತಂದ ಮಾಸ್ತರರ ಹೆಂಡತಿ, ಅಮ್ಮನವರು, ಹೇಳಿದರು: "ಅಣ್ಣತಮ್ಮರು ಹೊಲ ಹಂಚ್ಕೊಂಡಾಗೂ ಕಾಗದ ಯಾಕ ಅಂದಿದ್ರಿ. ಇಪ್ಪತ್ತು ವರ್ಷ ಆತು, ಬಾಂದಿನ ಸಲುವಾಗಿ ಕೋರ್ಟಿಗಿ ತಿರಗಲಕತ್ತೀರಿ. ಸುಮ್ ಓದಿ ಸಹಿ ಮಾಡ್ರಿ."

ನಮ್ಮ ಭಾಗದಲ್ಲಿ ಇದೊಂದು ಕಾಯಿಲೆ. ಲೇಖಕರಿಗೆ ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಫೋಟೋ ಹಾಕುತ್ತೇವೆ. ದುಡ್ಡಿನ ಮಾತು ಬಂದರೆ ಇಬ್ಬರಿಗೂ ನಾಚಿಕೆ. ಬೆಂಗಳೂರಿನಿಂದ ಯಾರೋ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದು "ನಿಮ್ಮ ಕಥೆ ಅದ್ಭುತ ಸರ್" ಅಂದರೆ ಸಾಕು, ಪುಕ್ಕಟೆ ಕೊಟ್ಟು ಮೇಲೆ ಊಟಾನೂ ಹಾಕಿ ಕಳಿಸುತ್ತಾರೆ.

"ಹೆಸರು, ಊರು ಬದಲಿಸಿ ಮಾಡ್ಬಿಡು, ಯಾರಿಗೆ ಗೊತ್ತಾಗ್ತದ" ಅಂದ ಗೆಳೆಯರೂ ಇದ್ದಾರೆ. ಅವರ ಕೈಯಲ್ಲಿ ಒಂದು ಕೇಸೂ ಇರುತ್ತದೆ: 1978ರ ಆರ್.ಜಿ. ಆನಂದ್ ಪ್ರಕರಣ. ತಮ್ಮ ನಾಟಕ ಕದ್ದು ಸಿನಿಮಾ ಮಾಡಿದ್ದಾರೆ ಅಂತ ನಾಟಕಕಾರ ಆನಂದ್ ಹಾಕಿದ್ದ ದಾವೆ ಅದು. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ, ನಾಟಕಕಾರರು ಸೋತಿದ್ದೂ ನಿಜ. ಆದರೆ ಆ ಐಡಿಯಾವನ್ನು ಹೇಳಿದ ರೀತಿ ಕದ್ದರೆ ಅದು ಕಳ್ಳತನವೇ ಅಂತ ಅದೇ ತೀರ್ಪು ಹೇಳುತ್ತದೆ. ಅಷ್ಟು ದೂರ ಯಾರೂ ಓದಲ್ಲ.

ಸರಿ, ಮಾಸ್ತರ್ ಒಪ್ಪಿದರು. ಆಗ ಹೊರಬಿತ್ತು ಇನ್ನೊಂದು ಕಾಗದ. 2009ರಲ್ಲಿ ಪ್ರಕಾಶಕರಿಗೆ ಬರೆದುಕೊಟ್ಟ ಅರ್ಧ ಪುಟ: "ಈ ಪುಸ್ತಕದ ಎಲ್ಲಾ ಹಕ್ಕುಗಳೂ ನಿಮಗೆ ಸೇರಿದ್ದು." ಎಷ್ಟು ವರ್ಷ ಅಂತ ಬರೆದೇ ಇಲ್ಲ. ನನ್ನ ಎದೆ ಧಸಕ್ ಅಂತು. ಪರಿಚಯದ ವಕೀಲರಿಗೆ ತೋರಿಸಿದರೆ ಅವರು ನಕ್ಕರು. ವರ್ಷ ಬರೆಯದ್ದೇ ಪುಣ್ಯ, ಐದು ವರ್ಷಕ್ಕೆ ಹಕ್ಕು ತಿರುಗಿ ಮಾಸ್ತರ್ ಮನೆಗೇ ಬಂದಿದೆ ಅಂದರು. ಆದರೂ ನಾಳೆ ಯಾವ ನಿರ್ಮಾಪಕರಾದರೂ ಕೇಳುತ್ತಾರಲ್ಲ, ಅದಕ್ಕೆ ಪ್ರಕಾಶಕರಿಂದ "ನಮ್ಮ ಅಭ್ಯಂತರ ಇಲ್ಲ" ಅಂತ ಒಂದು ಪತ್ರ ತಂದಿಟ್ಟುಕೊಂಡೆ. ನೀವೂ ಯಾವುದೇ ಪುಸ್ತಕದ ಹಿಂದೆ ಬೀಳುವ ಮುಂಚೆ ಒಳಪುಟ ತೆಗೆದು © ಗುರುತಿನ ಮುಂದೆ ಯಾರ ಹೆಸರಿದೆ ನೋಡಿ. ಅದು ಕೊನೇ ಮಾತಲ್ಲ, ಎಲ್ಲಿ ಬಾಗಿಲು ಬಡಿಯಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

'ಯಾವ ಕೃತಿ' ಅನ್ನುವ ಸಾಲೂ ಕಂಡಷ್ಟು ಸುಲಭ ಅಲ್ಲ. 1972ರ 'ನಾಗರಹಾವು' ಸಿನಿಮಾ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು, ಅಲ್ವಾ? ನಮ್ಮ ಮಾಸ್ತರರ ನಾಯಕಿ ಕೂಡ ಇನ್ನೆರಡು ಸಣ್ಣಕಥೆಗಳಲ್ಲಿ ಬಂದು ಹೋಗುತ್ತಾಳೆ. ಅವನ್ನೂ ಹೆಸರು ಹಿಡಿದು ಸೇರಿಸಿದೆವು.

ನಾನು ಪೂರ್ತಿ ಹಕ್ಕು ಕೊಳ್ಳಲಿಲ್ಲ, ಅಷ್ಟು ರೊಕ್ಕ ನನ್ನ ಹತ್ತಿರ ಇಲ್ಲ. ಸಿನಿಮಾದವರು 'ಆಪ್ಷನ್' ಅನ್ನುತ್ತಾರೆ. ಪ್ಲಾಟಿಗೆ ಅಡ್ವಾನ್ಸ್ ಕೊಟ್ಟು ಇಷ್ಟು ದಿನ ಬೇರೆಯವರಿಗೆ ಮಾರಬೇಡಿ ಅನ್ನುತ್ತೇವಲ್ಲ, ಅದೇ. ಈಗ 11,000 ರೂಪಾಯಿ, 18 ತಿಂಗಳು. ಶೂಟಿಂಗ್ ಶುರುವಾಗುವ ದಿನ ಒಂದೂವರೆ ಲಕ್ಷ. ಈ 18 ತಿಂಗಳನ್ನು ಅಕ್ಷರದಲ್ಲೇ ಬರೆಸಿದೆ. ಯಾಕೆಂದರೆ ಬೇರೆ ಮಾತು ಬರೆಯದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದವರ ಕೈಯಿಂದ ಅದು ಜಾರಿಹೋಗುತ್ತದೆ. ಓಟಿಟಿ, ಡಬ್ಬಿಂಗ್, ರೀಮೇಕ್ ಎಲ್ಲಾ ಬೇರೆ ಬೇರೆ ಸಾಲು.

ನಿಜವಾದ ಜಗ್ಗಾಟ ನಡೆದಿದ್ದು ದುಡ್ಡಿಗಲ್ಲ, ಸ್ಕ್ರಿಪ್ಟಿಗೆ. ನಾವಿಬ್ಬರೂ ಸೇರಿ ಬರೆಯುತ್ತಿದ್ದೇವೆ. ದೃಶ್ಯ ಕಟ್ಟುವುದು ನಾನು, ಮಾತು ಹಚ್ಚುವುದು ಅವರು, ಮರುದಿನ ಇಬ್ಬರೂ ಎರಡನ್ನೂ ತಿದ್ದುತ್ತೇವೆ. ಯಾರದು ಯಾವುದು ಅಂತ ಬೇರೆ ಮಾಡಲು ಬರಲ್ಲ. ಅಂಥದ್ದು ಇಬ್ಬರ ಜಂಟಿ ಕೃತಿ. ನಾಳೆ ನಮಗೆ ಕೂಡಿ ಬರದಿದ್ದರೆ? ಕಾದಂಬರಿ ಅವರದು, ಅದಿಲ್ಲದೆ ನನ್ನ ಸ್ಕ್ರಿಪ್ಟ್ ರದ್ದಿ. ಹಾಗಂತ ಆ ಸ್ಕ್ರಿಪ್ಟನ್ನೇ ಅವರು ಇನ್ನೊಬ್ಬರಿಗೆ ಕೊಟ್ಟರೆ ನನ್ನ ದುಡಿಮೆ ಗಾಳಿಗೆ. ಮೂರು ಸಂಜೆ ಇದೇ ಮಾತು. ಕೊನೆಗೆ ಬರೆದಿದ್ದು: ಅವಧಿ ಮುಗಿದರೆ ಕಾದಂಬರಿ ಪೂರ್ತಿ ಅವರಿಗೆ ವಾಪಸ್, ಸ್ಕ್ರಿಪ್ಟನ್ನು ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಟ್ಟುವಂತಿಲ್ಲ. ಇದರಲ್ಲಿ ನನಗೇ ನಷ್ಟ ಜಾಸ್ತಿ ಅಂತ ಈಗಲೂ ಅನ್ನಿಸುತ್ತದೆ. ಆದರೆ ನ್ಯಾಯವೂ ಅದೇ.

ಸಹಿ ಮಾಡುವ ದಿನ ಮಾಸ್ತರ್ ಪೆನ್ನು ಹಿಡಿದು ಕೆಳಗೆ ತಾವೇ ಒಂದು ಸಾಲು ಸೇರಿಸಿದರು. ಪಾತ್ರಗಳ ಮಾತನ್ನು ತಮ್ಮನ್ನು ಕೇಳದೆ ಬದಲಿಸಬಾರದು. "'ಹೊಂಟಾಳ' ಅಂದಿದ್ದನ್ನ 'ಹೋಗ್ತಿದಾಳೆ' ಮಾಡಿದ್ರ ಪರದೆ ಮ್ಯಾಲ ನನ್ನ ಹೆಸರು ಬ್ಯಾಡ" ಅಂದರು. ಹಿಂದಿ ಲೇಖಕಿ ಮನ್ನೂ ಭಂಡಾರಿ ನೆನಪಾದರು. ತಮ್ಮ ಕಾದಂಬರಿಯನ್ನು ಸಿನಿಮಾದವರು ಕೆಡಿಸಿದರು ಅಂತ ಅವರು ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಹಕ್ಕು ಮಾರಿದರೂ ಕೃತಿಯ ಮಾನ ಕಾಯುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ ಅಂತ 1986ರಲ್ಲಿ ಕೋರ್ಟು 57ನೇ ಸೆಕ್ಷನ್ ಹಿಡಿದು ಹೇಳಿತು. ಮಾಸ್ತರಿಗೆ ಆ ಸೆಕ್ಷನ್ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಈ ಸಾಲು ನೋಡಿ ಒಬ್ಬ ನಿರ್ಮಾಪಕರು ಆಗಲೇ ಹಿಂದೆ ಸರಿದಿದ್ದಾರೆ. 18ರಲ್ಲಿ ನಾಲ್ಕು ತಿಂಗಳು ಕಳೆದವು. ನನ್ನ ಪ್ರತಿ ಫೈಲಿನಲ್ಲಿದೆ. ಮಾಸ್ತರರ ಪ್ರತಿಯನ್ನು ಅಮ್ಮನವರು ಟ್ರಂಕಿನಲ್ಲಿ ಇಟ್ಟಿದ್ದಾರೆ, ಹೊಲದ ಪಹಣಿಯ ಮೇಲೆ.