ಗುಪ್ತರಕ್ತ ಕಿಟ್‌: ಹಳೆಯದಕ್ಕೆ ಸಮವಾದರೆ ಅನುಮತಿ ಸಾಕೇ?

ಪರ

ಕರುಳಿನ ಕ್ಯಾನ್ಸರ್‌ನ ಸುಳಿವಿಗಾಗಿ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಕಿಟ್‌ಗಳು ಅಮೆರಿಕದಲ್ಲಿ ಎರಡನೇ ದರ್ಜೆಯ, ಅಂದರೆ ಮಧ್ಯಮ ಅಪಾಯದ, ಸಾಧನಗಳು. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಕಿಟ್‌ಗೆ ಸರಿಸಮವೆಂದು ತೋರಿಸಿದರೆ ಅಲ್ಲಿನ ಔಷಧ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 510(ಕೆ) ಎಂಬ ದಾರಿಯಲ್ಲಿ ಅನುಮತಿ ಕೊಡುತ್ತದೆ. ಇಷ್ಟು ಸಾಕು. ಕಿಟ್ ಹೇಳುವುದು ರಕ್ತವಿದೆ ಎಂದಷ್ಟೇ, ಕ್ಯಾನ್ಸರ್ ಇದೆ ಎಂದಲ್ಲ. ಅದನ್ನು ಲ್ಯಾಬಿನಲ್ಲೇ ಒರೆಗೆ ಹಚ್ಚಬಹುದು. ರಕ್ತವಿಲ್ಲದ ಮಲಕ್ಕೆ ರಕ್ತದ ಕೆಂಪು ಪ್ರೋಟೀನಾದ ಹಿಮೋಗ್ಲೋಬಿನ್ ಅಳೆದು ಬೆರೆಸಿ, ಕಟ್‌ಆಫ್‌ನಲ್ಲಿ (ಪಾಸಿಟಿವ್ ಎನ್ನುವ ಗಡಿ ಪ್ರಮಾಣದಲ್ಲಿ), ಅದರ ತುಸು ಕೆಳಗೆ, ತುಸು ಮೇಲೆ, ಬೇರೆ ಬೇರೆ ಲಾಟ್‌ಗಳ (ತಯಾರಿಕಾ ತಂಡಗಳ) ಕಿಟ್‌ಗಳನ್ನು ಮತ್ತೆ ಮತ್ತೆ ನಡೆಸಿ ನೋಡುವುದು. ಕಿಟ್‌ನಲ್ಲಿರುವ ಆಂಟಿಬಾಡಿಗಳು ಮನುಷ್ಯರ ಹಿಮೋಗ್ಲೋಬಿನ್ ಹಿಡಿದಾಗಷ್ಟೇ ಪಾಸಿಟಿವ್ ಗೆರೆ ಮೂಡಬೇಕು; ದನ, ಹಂದಿ, ಕೋಳಿಯ ರಕ್ತ ಸೇರಿಸಿದರೂ ಮೂಡಬಾರದು. ರಕ್ತ ವಿಪರೀತವಾದಾಗ ಆಂಟಿಬಾಡಿಗಳೆಲ್ಲ ತುಂಬಿಹೋಗಿ ಗೆರೆ ಮಸುಕಾಗುವ ಹುಕ್ ಎಫೆಕ್ಟ್ ಇದೆಯೇ ಎಂಬುದೂ ಇಲ್ಲೇ ಗೊತ್ತಾಗುತ್ತದೆ.

ಪ್ರತಿ ಕಿಟ್‌ನ ಫಲಿತಾಂಶವನ್ನೂ ಕೊಲೊನೋಸ್ಕೋಪಿಯೊಂದಿಗೆ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ತಾಳೆ ನೋಡುವ ಅಧ್ಯಯನ ಕೇಳಿದರೆ ಏನಾಗುತ್ತದೆ? ಮಲದಲ್ಲಿ ರಕ್ತದ ಜೊತೆ ಡಿಎನ್‌ಎಯನ್ನೂ ನೋಡುವ ಕೊಲೊಗಾರ್ಡ್ ಎಂಬ ಕಿಟ್‌ಗೆ 2014ರಲ್ಲಿ ಅನುಮತಿ ತಂದುಕೊಟ್ಟ ಅಧ್ಯಯನದಲ್ಲಿ 9,989 ಜನರ ಫಲಿತಾಂಶ ಲೆಕ್ಕಕ್ಕೆ ಬಂದಿತ್ತು. ಸಿಕ್ಕ ಕ್ಯಾನ್ಸರ್ 65. ಅಗ್ಗದ ಕಿಟ್ ಮಾಡುವವರು ಆ ಖರ್ಚು ಹೊರಲಾರರು.

ವಿರೋಧ

ಕಿಟ್ ಬಳಸುವವರು ಕಾಯಿಲೆಯ ಲಕ್ಷಣವಿಲ್ಲದ ಜನ. ನೆಗೆಟಿವ್ ಬಂದರೆ ಕೊಲೊನೋಸ್ಕೋಪಿಗೆ ಹೋಗುವುದಿಲ್ಲ. ಹಾಗಾಗಿ ‘ರಕ್ತವಿದೆ ಎಂದಷ್ಟೇ ಹೇಳುತ್ತದೆ’ ಎಂಬುದು ಕಾಗದದ ಮೇಲಿನ ಮಾತು. ಅದೇ ಅಧ್ಯಯನದಲ್ಲಿ ಹೋಲಿಕೆಗೆಂದು ಬಳಸಿದ ಆಂಟಿಬಾಡಿ ಕಿಟ್ 65ರಲ್ಲಿ 48 ಕ್ಯಾನ್ಸರ್ ಹಿಡಿಯಿತು. ಆ ಕಿಟ್‌ಗೆ ಸಮ ಎಂದ ಇನ್ನೊಂದೂ ಅಷ್ಟೇ ಹಿಡಿಯುತ್ತದೆ ಎನ್ನಲು ಲ್ಯಾಬಿನ ಬೆರಕೆ ಮಲ ಸಾಕ್ಷಿಯಾಗದು.

ಮೊದಲ ಗೊಂದಲ ಅಳತೆಯಲ್ಲೇ ಇದೆ. ಮಾದರಿ ತೆಗೆಯುವ ಕಡ್ಡಿಯ ಗೀರುಗಳು 10 ಮಿ.ಗ್ರಾಂ ಮಲವನ್ನು ಕೊಳವೆಯಲ್ಲಿರುವ 2 ಮಿ.ಲೀ. ಬಫರ್ ದ್ರವಕ್ಕೆ ಒಯ್ದರೆ, ಮಿ.ಲೀ.ಗೆ 100 ನ್ಯಾನೋಗ್ರಾಂ ಎಂಬ ಕಟ್‌ಆಫ್ ಅಂದರೆ ಗ್ರಾಂ ಮಲಕ್ಕೆ 20 ಮೈಕ್ರೋಗ್ರಾಂ. ಇನ್ನೊಂದು ಕಿಟ್‌ನ ಕಡ್ಡಿ 20 ಮಿ.ಗ್ರಾಂ ಒಯ್ದು 1 ಮಿ.ಲೀ. ಬಫರ್‌ನಲ್ಲಿ ಕಲಸಿದರೆ ಅದೇ 100 ನ್ಯಾನೋಗ್ರಾಂ 5 ಮೈಕ್ರೋಗ್ರಾಂ ಆಗುತ್ತದೆ. ಲೇಬಲ್ ಮೇಲೆ ಎರಡರದೂ ಒಂದೇ ಸಂಖ್ಯೆ! ಗ್ರಾಂ ಲೆಕ್ಕವನ್ನು ಕಡ್ಡಾಯ ಮಾಡದೆ ‘ಸಮ’ ಎನ್ನುವುದಕ್ಕೆ ಅರ್ಥವಿಲ್ಲ.

ಎರಡನೆಯದು ಬಿಸಿಲು. ಬಫರ್‌ನಲ್ಲಿದ್ದರೂ ಹಿಮೋಗ್ಲೋಬಿನ್ ಶಾಖಕ್ಕೆ ಕೆಡುತ್ತದೆ. ಇಟಲಿಯ ತಪಾಸಣೆಯಲ್ಲಿ ಬೇಸಿಗೆಯಲ್ಲಿ ಪಾಸಿಟಿವ್ ಪ್ರಮಾಣ ಇಳಿದದ್ದು ದಾಖಲಾಗಿದೆ. ಮನೆಯಲ್ಲಿ ಮಾದರಿ ತೆಗೆದು ಅಂಚೆಗೆ ಹಾಕುವ ಕಿಟ್‌ಗೆ ಈ ಪರೀಕ್ಷೆ ಬೇಡವೇ? ಕಮೋಡಿನ ನೀರಲ್ಲಿ ನೆಂದ ಮಲ, ಕಡ್ಡಿಯನ್ನು ಒಂದೇ ಕಡೆ ಚುಚ್ಚಿ ತೆಗೆದದ್ದು, ಗೀರು ತುಂಬಿ ಅಂಚಿಗೆ ಮೆತ್ತಿಕೊಂಡದ್ದು... ಇವೆಲ್ಲ ಲ್ಯಾಬಿನ ಕೈಯಲ್ಲಿ ಆಗುವ ತಪ್ಪುಗಳಲ್ಲ.

ಹತ್ತು ಸಾವಿರ ಜನರನ್ನೇ ತರಬೇಕೆಂದಿಲ್ಲ. ಕೊಲೊನೋಸ್ಕೋಪಿಗೆ ಹೊರಟವರಿಂದ, ಕರುಳು ತೊಳೆಯುವ ಔಷಧ ಕುಡಿಯುವ ಮೊದಲು, ಒಂದೇ ಮಲದಿಂದ ಹಳೆಯ ಕಿಟ್‌ಗೂ ಹೊಸದಕ್ಕೂ ಮಾದರಿ ತೆಗೆಸಿ. ಎರಡೂ ಕಿಟ್‌ಗಳ ಉತ್ತರ ಬೇರೆಯಾದ ಕಡೆ ಕರುಳಿನಲ್ಲಿ ಏನಿತ್ತು ಎಂಬುದನ್ನು ಅರ್ಜಿಯಲ್ಲಿ ತೋರಿಸಲಿ.