ನಂಬರ್ ಸಾಲದಿದ್ದರೆ ಸಮಿತಿ

ಚುನಾವಣೆ ಕಾನೂನಿನ ಮೇಲೆ ಕಣ್ಣಿಡೋಕೆ ನಮ್ಮ ಸಂಸತ್ತಿನಲ್ಲಿ ಒಂದು ಸ್ಥಾಯಿ ಸಮಿತಿ ಇದೆ. ಸಿಬ್ಬಂದಿ, ಸಾರ್ವಜನಿಕ ಕುಂದುಕೊರತೆ, ಕಾನೂನು ಮತ್ತು ನ್ಯಾಯ ಅಂತ ಮಾರುದ್ದದ ಹೆಸರು, 31 ಸಂಸದರು. ಮಸೂದೆಯನ್ನು ಸಾಲು ಸಾಲಾಗಿ ಓದಿ, ತಿಳಿದವರನ್ನು ಕರೆಸಿ ಕೇಳಿ, ವರದಿ ಕೊಡುವುದು ಇವರ ಕೆಲಸ. ಆದರೆ ಮಸೂದೆ ಇವರ ಹತ್ತಿರ ಬರಬೇಕಲ್ಲ?

2017ರಲ್ಲಿ ಚುನಾವಣಾ ಬಾಂಡ್ ಬಂತು. ಯಾವ ಪಕ್ಷಕ್ಕೆ ಯಾರು ಎಷ್ಟು ಕೊಟ್ಟರು ಅನ್ನೋದು ಮತದಾರನಿಗೆ ಗೊತ್ತಾಗದ ಹಾಗೆ ಮಾಡುವ ಈ ಏರ್ಪಾಡನ್ನು ಬಜೆಟ್ ಜೊತೆಗಿನ ಹಣಕಾಸು ಮಸೂದೆಯೊಳಗೆ ತುರುಕಿದರು. ಹಣದ ಮಸೂದೆ ಅಂದ ಮೇಲೆ ರಾಜ್ಯಸಭೆಗೇ ತಡೆಯುವ ಅಧಿಕಾರ ಇಲ್ಲ, ಇನ್ನು ಸಮಿತಿಯನ್ನು ಕೇಳೋರು ಯಾರು! ಕೊನೆಗೆ 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಇದು ಸಂವಿಧಾನಬಾಹಿರ ಅಂದಿತು. ತಾಳಿ ಕಟ್ಟಿ ಏಳು ವರ್ಷ ಸಂಸಾರ ಮಾಡಿದ ಮೇಲೆ ಜಾತಕ ನೋಡಿಸಿದ ಹಾಗಾಯಿತು.

ವೋಟರ್ ಐಡಿಗೆ ಆಧಾರ್ ಜೋಡಿಸುವ ಮಸೂದೆಯದ್ದು ಇನ್ನೂ ಚುರುಕು. 2021ರ ಡಿಸೆಂಬರ್ 20ರಂದು ಲೋಕಸಭೆಯಲ್ಲಿ ಮಂಡನೆ, ಅವತ್ತೇ ಪಾಸ್. ಮಾರನೇ ದಿನ ರಾಜ್ಯಸಭೆಯಲ್ಲೂ ಪಾಸ್. ಸಮಿತಿಗೆ ಕಳಿಸಿ ಅಂತ ವಿರೋಧ ಪಕ್ಷದವರು ಗಂಟಲು ಹರಿದುಕೊಂಡರೆ, ಸ್ಥಾಯಿ ಸಮಿತಿ ಮೊದಲೇ ಶಿಫಾರಸು ಮಾಡಿದೆಯಲ್ಲ ಅನ್ನೋ ಉತ್ತರ ಬಂತು. ಆಹಾ, ಸಮಿತಿ ಮಾತಿಗೆ ಎಂಥ ಬೆಲೆ! ಅದೇ ಸಮಿತಿ 2023ರ ಆಗಸ್ಟ್‌ನಲ್ಲಿ ಚುನಾವಣೆಗೆ ನಿಲ್ಲುವ ವಯಸ್ಸನ್ನು 18ಕ್ಕೆ ಇಳಿಸಿ ಅಂತಲೂ ಹೇಳಿತು. ಲೋಕಸಭೆಗೆ ನಿಲ್ಲೋಕೆ ಇವತ್ತಿಗೂ 25 ತುಂಬಿರಬೇಕು. ಶಿಫಾರಸು ಎಲ್ಲೋ ಕಪಾಟಿನಲ್ಲಿ ವಯಸ್ಸಿಗೆ ಬರುತ್ತಿರಬೇಕು.

ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟೋಕೆ ಆಗಲ್ಲ ಬಿಡಿ. ಮಹಿಳಾ ಮೀಸಲಾತಿ ಮಸೂದೆ 1996ರಲ್ಲಿ ಗೀತಾ ಮುಖರ್ಜಿ ಅವರ ಜಂಟಿ ಸಮಿತಿಗೆ ಹೋಯಿತು, 2008ರಲ್ಲಿ ಸ್ಥಾಯಿ ಸಮಿತಿಗೆ ಹೋಯಿತು, ಎರಡೂ ಸಮಿತಿ ತಲೆಯಾಡಿಸಿದವು, ಕಾನೂನು ಮಾತ್ರ ಆಗಲಿಲ್ಲ. 2023ರಲ್ಲಿ ಯಾವ ಸಮಿತಿಯೂ ಇಲ್ಲದೆ ಮೂರೇ ದಿನದಲ್ಲಿ ಎರಡೂ ಸದನ ದಾಟಿತು. ಜಾರಿಗೆ ಮಾತ್ರ ಜನಗಣತಿ ಆಗಬೇಕು, ಕ್ಷೇತ್ರ ಮರುವಿಂಗಡಣೆ ಆಗಬೇಕು ಅನ್ನೋ ಷರತ್ತು ಹಾಕಿಕೊಂಡೇ!

ಇನ್ನು ಒಂದು ದೇಶ ಒಂದು ಚುನಾವಣೆ. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಸೋಕೆ ಸಂವಿಧಾನವನ್ನೇ ತಿದ್ದಬೇಕು. ಸಂವಿಧಾನ ತಿದ್ದುಪಡಿ ಪಾಸಾಗೋಕೆ ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಪರವಾಗಿರಬೇಕು. 2024ರ ಡಿಸೆಂಬರ್ 17ರಂದು ಮಂಡಿಸುವಾಗ ಸಿಕ್ಕಿದ್ದು 269 ಪರ, 198 ವಿರೋಧ. ಲೆಕ್ಕ ಎಲ್ಲಿ ತಾಳೆಯಾಗುತ್ತೆ? ತಕ್ಷಣ ಸರ್ಕಾರಕ್ಕೆ ಆಳವಾದ ಚರ್ಚೆಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. 39 ಜನರ ಜಂಟಿ ಸಮಿತಿ ಆಯಿತು, ಊರೂರು ಪ್ರವಾಸ ಆಯಿತು, ಅವಧಿ ಮತ್ತೆ ಮತ್ತೆ ಮುಂದಕ್ಕೂ ಹೋಯಿತು. ಇಲ್ಲಿ ಯಾರಿಗೂ ಆತುರ ಇಲ್ಲ, ನಿಧಾನಕ್ಕೆ ಚರ್ಚೆ ಮಾಡಲಿ, ನಂಬರ್ ಇನ್ನೂ ಕೂಡಿಲ್ಲ ಅಲ್ವಾ?